ನಿದ್ದೆ ಕೇಳಿದವನಿಗೆ ಉಪನ್ಯಾಸ

ನಮ್ಮ ಭಾವ ಮೂವತ್ತೆರಡು ವರ್ಷ ಪೊಲೀಸ್ ಪೇದೆಯಾಗಿದ್ದರು. ಗಣೇಶನ ಹಬ್ಬ ಬಂತೆಂದರೆ ಊರಿಗೆಲ್ಲ ಕಡುಬು, ಅವರಿಗೆ ಬಂದೋಬಸ್ತು. ಒಂದು ವರ್ಷ ವಿಸರ್ಜನೆಯ ಮೆರವಣಿಗೆ ಮುಗಿಸಿ, ಎರಡು ರಾತ್ರಿ ನಿದ್ದೆಗೆಟ್ಟು ಬಂದವರು ಇನ್ನೂ ಬೂಟು ಬಿಚ್ಚುತ್ತಿದ್ದರು. ಮಗ ಪಕ್ಕದಲ್ಲೇ ಪೀಪಿ ಊದಿದ. ಕೆನ್ನೆಗೆ ಬಾರಿಸಿಬಿಟ್ಟರು. ಆಮೇಲೆ ಹಿತ್ತಲಿಗೆ ಹೋಗಿ ತಾವೂ ಅತ್ತರು.

ಅದಾದ ಕೆಲವು ದಿನಕ್ಕೆ ಅವರಿಗೆಲ್ಲ ಒತ್ತಡ ನಿವಾರಣೆಯ ಶಿಬಿರ. ಬೆಳಗಿನ ಆರಕ್ಕೆ ಹಾಜರಿ ಕಡ್ಡಾಯ! ರಾತ್ರಿ ಗಸ್ತಿನಿಂದ ನೇರ ಚಾಪೆಗೆ. ಗುರುಗಳು ಕಣ್ಣು ಮುಚ್ಚಿ ಎಂದದ್ದೇ ತಡ, ಅರ್ಧ ಮಂದಿ ಗೊರಕೆ ಹೊಡೆದರಂತೆ. "ಆವತ್ತು ಶಿಬಿರದಿಂದ ಲಾಭವಾದದ್ದು ಅವರಿಗೇ ಕಣೋ" ಎಂದು ಭಾವ ನಗುತ್ತಿದ್ದರು.

ಯೋಗ ಬೇಡವೆಂದು ನಾನು ಹೇಳುತ್ತಿಲ್ಲ. ರೋಗವಿರುವುದು ಡ್ಯೂಟಿ ಪಟ್ಟಿಯಲ್ಲಿ; ಮದ್ದು ಮಾತ್ರ ಪೇದೆಯ ಮೂಗಿಗೆ. ಇದೆಂಥ ವೈದ್ಯ? ಪೊಲೀಸನು ಸದಾಕಾಲ ಕರ್ತವ್ಯದಲ್ಲಿರುವವನೆಂದೇ ಭಾವಿಸಬೇಕೆಂದು 1861ರ ಕಾಯ್ದೆಯಲ್ಲಿ ಬ್ರಿಟಿಷರು ಬರೆದರು. ಅವರು ಹೋದರು, ಆ ಭಾವನೆ ಹೋಗಲಿಲ್ಲ. 1886ರಲ್ಲಿ ಷಿಕಾಗೋದ ಕಾರ್ಮಿಕರು ಎಂಟು ಗಂಟೆಯ ದುಡಿಮೆಗಾಗಿ ಬೀದಿಗಿಳಿದರು. ಅವರ ನೆನಪಿನ ಮೇ ದಿನದ ಮೆರವಣಿಗೆಗೆ ಕಾವಲು ನಿಲ್ಲುವವನಿಗೆ ಮಾತ್ರ ಆ ಎಂಟು ಗಂಟೆ ದಕ್ಕಿಲ್ಲ. ಕಾಮನ್ ಕಾಸ್ ಮತ್ತು ಸಿ.ಎಸ್.ಡಿ.ಎಸ್. ಸಂಸ್ಥೆಗಳ 2019ರ ವರದಿಯಂತೆ ನಮ್ಮ ದೇಶದ ಪೊಲೀಸರ ದುಡಿಮೆ ದಿನಕ್ಕೆ ಸರಾಸರಿ 14 ಗಂಟೆ. ಸಂಘ ಕಟ್ಟಿ ಕೇಳೋಣವೆಂದರೆ 1966ರ ಕಾಯ್ದೆ ಅಡ್ಡ. 2016ರ ಜೂನ್ 4ರಂದು ನಮ್ಮ ರಾಜ್ಯದ ಪೇದೆಗಳು ಸಾಮೂಹಿಕ ರಜೆಗೆ ಹೊರಟಾಗಲೇ ಸರ್ಕಾರಕ್ಕೆ ಬೆವರಿಳಿದದ್ದು.

"ಜನ ಸಾಲದು" ಎನ್ನುತ್ತಾರೆ. ಸಾಲದಿದ್ದರೆ ಖಾಲಿ ಹುದ್ದೆ ತುಂಬಿ. ಮುಂಬಯಿಯ ದೇವನಾರ್ ಠಾಣೆಯಲ್ಲಿ 2016ರಲ್ಲಿ ಎಂಟು ಗಂಟೆಯ ಪಾಳಿಯನ್ನು ಪ್ರಯೋಗಿಸಿ ನೋಡಿದರು. ಅದರ ಯೋಜನೆ ಕೊಟ್ಟವನು ಐ.ಪಿ.ಎಸ್. ಸಾಹೇಬನಲ್ಲ, ಒಬ್ಬ ಪೇದೆ!

ಭಾವನ ಹೊಡೆತವನ್ನು ನಾನು ಸಮರ್ಥಿಸುವುದಿಲ್ಲ, ಅವರೂ ಸಮರ್ಥಿಸಿಕೊಳ್ಳಲಿಲ್ಲ. ಆದರೆ ಅದೇ ಕೈ ಮರುದಿನ ಠಾಣೆಯಲ್ಲಿರುತ್ತದೆ. ಎದುರಿಗೆ ದೂರು ಹಿಡಿದು ನಿಂತವರು ನೀವೋ ನಾನೋ ಆಗಿರಬಹುದು. ಪೇದೆಯ ಮೇಲೆ ಕರುಣೆ ಬಾರದಿದ್ದರೆ ಬೇಡ, ನಮ್ಮ ಕೆನ್ನೆಯ ಮೇಲಾದರೂ ಕರುಣೆಯಿಟ್ಟು ಅವನಿಗೆ ವಾರಕ್ಕೊಂದು ರಜೆ ಕೊಡಿಸೋಣ.