ಕಾಸ್ಟ್ಯೂಮು ಮತ್ತು ನಾಲ್ಕು ಮಂದಿ

ಮುಂಬಯಿಯಲ್ಲಿರುವ ಕನ್ನಡ ಹೆಂಗಸರ ಬಗ್ಗೆ ನಮ್ಮ ಊರ ಕಡೆ ಎರಡು ಅಭಿಪ್ರಾಯಗಳಿವೆ. ಒಂದು, ಪಾಪ, ಲೋಕಲ್ ಟ್ರೇನಿನಲ್ಲಿ ಜೋತಾಡಿ ಸವೆದುಹೋದವರು. ಇನ್ನೊಂದು, ಕೈಮೀರಿ ಹೋದವರು. ಅರವತ್ತು ದಾಟಿದವಳು ಈಜಲು ಹೋಗುತ್ತಾಳೆಂದು ಗೊತ್ತಾದರೆ ಸಾಕು, ಮೊದಲ ಪಟ್ಟಿಯಿಂದ ಎರಡನೆಯ ಪಟ್ಟಿಗೆ ಆ ದಿನವೇ ಅವಳ ವರ್ಗಾವಣೆ. ಈಜಿನ ಮೇಲೆ ಯಾರ ತಕರಾರೂ ಇಲ್ಲ. ತಕರಾರೆಲ್ಲ ಉಡುಪಿನ ಮೇಲೆ.

ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ನಾನು ದಾದರಿನ ಮಹಾನಗರಪಾಲಿಕೆಯ ಕೊಳಕ್ಕೆ ಹೋಗತೊಡಗಿದೆ. ಹುಬ್ಬಳ್ಳಿಯ ಮದುವೆಯೊಂದರಲ್ಲಿ ಚಿಕ್ಕಪ್ಪನ ಮಗಳು ಎಲ್ಲರ ಮುಂದೆಯೇ ಕೇಳಿದಳು: “ಅಕ್ಕಾ, ಈ ವಯಸ್ಸಿನ್ಯಾಗ ಚಡ್ಡಿ ಹಾಕ್ಕೊಂಡು ನೀರಿಗೆ ಇಳೀತೀ ಅಂತಲ್ಲ? ನಾಲ್ಕು ಮಂದಿ ಏನಂದಾರು? ಚೂಡಿದಾರ ಹಾಕ್ಕೊಂಡರ ಆಗೂದಿಲ್ಲೇನು?”

ಆಗೂದಿಲ್ಲ. ಹತ್ತಿಬಟ್ಟೆ ನೀರು ಕುಡಿದು ಭಾರವಾಗುತ್ತದೆ, ದುಪಟ್ಟಾ ಕೈಗೆ ಸುತ್ತಿಕೊಳ್ಳುತ್ತದೆ, ಪೈಜಾಮ ಕಾಲನ್ನು ಕೆಳಗೆ ಎಳೆಯುತ್ತದೆ. ಈಜು ಕಲಿಯುವವಳಿಗೆ ಅದು ಮರ್ಯಾದೆಯಲ್ಲ, ಅಪಾಯ. ಅದರ ಎಳೆಗಳು ಕೊಳದ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತವೆಂದೇ ಎಷ್ಟೋ ಕೊಳಗಳಲ್ಲಿ ನೈಲಾನ್ ಅಥವಾ ಪಾಲಿಯೆಸ್ಟರ್ ಕಾಸ್ಟ್ಯೂಮು ಕಡ್ಡಾಯ.

ಇಲ್ಲಿ ನನ್ನಂಥ ಹಲವರು ಒಂದು ನೆಪ ಹೂಡುತ್ತಾರೆ: “ಮೊಣಕಾಲು ನೋವು, ಡಾಕ್ಟರು ಹೇಳ್ಯಾರ.” ಸುಳ್ಳೇನಲ್ಲ. ಎದೆಮಟ್ಟದ ನೀರಿನಲ್ಲಿ ನಿಂತರೆ ಮೊಣಕಾಲಿನ ಮೇಲಿನ ಭಾರ ಸುಮಾರು ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಆದರೆ ನೋವಿಲ್ಲದವಳು ಈಜಬಾರದೇ? ಸುಮ್ಮನೆ ಖುಷಿಗೆ ಈಜಿದರೆ ಯಾರಿಗೆ ನಷ್ಟ? ಮತ್ತೆ, ಕಾಸ್ಟ್ಯೂಮು ಹಾಕಿಕೊಂಡಾಗ ನಾನು ಚೆಂದ ಕಾಣಬೇಕು ಅಂತಲೂ ನನಗೆ ಆಸೆಯಿದೆ. ಸೀರೆ ಅಂಗಡಿಯಲ್ಲಿ ಮೂರು ತಾಸು ಕೂತು ಸೆರಗು, ಅಂಚು ನೋಡುವಾಗ ಯಾರೂ ಏನೂ ಅನ್ನದವರು ಇದಕ್ಕೇಕೆ ಹುಬ್ಬೇರಿಸಬೇಕು?

ಅಂಗಡಿಯವರೂ ಕಡಿಮೆಯಿಲ್ಲ. ಒಂದು ದೊಡ್ಡ ಅಂಗಡಿಯಲ್ಲಿ ಸೇಲ್ಸ್ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೇಳದಿದ್ದರೂ ಫ್ರಾಕಿನಂಥದ್ದೊಂದು ತಂದಿಟ್ಟಳು. “ಆಂಟೀ, ಇದರಲ್ಲಿ ಹೊಟ್ಟೆ ಮುಚ್ಚುತ್ತೆ” ಅಂತ ಹಿಂದಿಯಲ್ಲಿ ಸಮಾಧಾನ ಬೇರೆ. ಆ ಲಂಗ ದಂಡೆಯ ಮೇಲಷ್ಟೇ ಮುಚ್ಚುವುದು. ನೀರಿಗಿಳಿದರೆ ಕೊಡೆಯಂತೆ ಮೇಲೆ ತೇಲುತ್ತದೆ, ಈಜಿಗೂ ಅಡ್ಡ. ತೊಡೆ ತೋರಿಸಲು ಮನಸ್ಸಿಲ್ಲದಿದ್ದರೆ ಮೊಣಕಾಲಿನವರೆಗೆ ಮೈಗೆ ಹತ್ತಿಕೊಂಡಿರುವ ಕಾಲಿನದೇ ಸಿಗುತ್ತದೆ, ಅದನ್ನು ಕೇಳಿ ತಗೊಳ್ಳಿ.

ಚೆಂದ ಕಾಣುವುದು ಮುಚ್ಚುವುದರಿಂದಲ್ಲ, ಅಳತೆಯಿಂದ. ಎದೆ, ಸೊಂಟ ಅಳೆದರೆ ಸಾಲದು. ಟೇಪನ್ನು ಒಂದು ಭುಜದಿಂದ ಮುಂದೆ ಇಳಿಸಿ, ಕಾಲ ಸಂದಿಯಿಂದ ಹಿಂದಕ್ಕೆ ತಂದು, ಅದೇ ಭುಜಕ್ಕೆ ಮುಟ್ಟಿಸಬೇಕು. ಈ ಅಳತೆ ತಪ್ಪಿದರೆ ಪಟ್ಟಿ ಭುಜ ಕೊರೆಯುತ್ತದೆ, ಇಲ್ಲವೇ ಹಿಂದೆ ಜೋಲುತ್ತದೆ. ಒಣಗಿದ್ದಾಗ ತುಸು ಬಿಗಿಯೇ ಇರಲಿ, ಒದ್ದೆಯಾದಾಗ ಸಡಿಲಾಗುತ್ತದೆ. ಟ್ರಯಲ್ ರೂಮಿನಲ್ಲಿ ಕನ್ನಡಿ ನೋಡುತ್ತ ನಿಲ್ಲಬೇಡಿ. ಎರಡೂ ಕೈ ಮೇಲೆತ್ತಿ, ಬಗ್ಗಿ, ಕುಕ್ಕರಗಾಲಲ್ಲಿ ಕೂತು ಏಳಿ. ಎಲ್ಲೂ ಎಳೆದು ಸರಿಮಾಡಿಕೊಳ್ಳಬೇಕಾಗದಿದ್ದರೆ ಅದೇ ನಿಮ್ಮದು. ತಿಳಿಬಣ್ಣದ್ದಾದರೆ ಒಳಗೆ ಲೈನಿಂಗ್ ಇದೆಯೇ ನೋಡಿ. ಒದ್ದೆಯಾದ ಮೇಲೆ ನೋಡಿ ಫಲವಿಲ್ಲ. ನನ್ನದು ಗಾಢ ನೀಲಿ, ಬದಿಗೆ ಕೆಂಪು ಪಟ್ಟಿ. ಕಪ್ಪೇ ಒಪ್ಪುತ್ತದೆ ಅಂದರು, ಕಪ್ಪು ನನಗೆ ಸೇರುವುದಿಲ್ಲ.

ದುಡ್ಡಿನ ಮಾತೂ ಆಡಿಬಿಡೋಣ, ಎಂ.ಕಾಂ. ಓದಿದ ಚಾಳಿ. ಒಂದೂವರೆ ಸಾವಿರದ ಕಾಸ್ಟ್ಯೂಮು ವಾರಕ್ಕೆ ಮೂರು ಸಲದಂತೆ ಒಂದು ವರ್ಷ ಬಾಳಿದರೆ, ಸಲಕ್ಕೆ ಹತ್ತು ರೂಪಾಯಿಯೂ ಬೀಳುವುದಿಲ್ಲ. ಮದುವೆಗೊಮ್ಮೆ ಉಡುವ ರೇಷ್ಮೆ ಸೀರೆಗೆ ಇದೇ ಲೆಕ್ಕ ಹಾಕಿ ನೋಡಿ! ಕ್ಲೋರಿನ್ ಎಲಾಸ್ಟಿಕ್ಕನ್ನು ತಿನ್ನುತ್ತದೆ. ಬಂದ ಕೂಡಲೇ ತಣ್ಣೀರಲ್ಲಿ ಜಾಲಿಸಿ, ಹಿಂಡದೆ, ನೆರಳಲ್ಲಿ ಒಣಗಿಸಬೇಕು.

ಈಗ ಆ ನಾಲ್ಕು ಮಂದಿಗೆ. ನಮ್ಮ ಗದಗ ಸೀಮೆಯ ಬಾವಿಗಳಲ್ಲಿ ಗಂಡುಹುಡುಗರು ಬೆನ್ನಿಗೆ ಬೆಂಡು ಕಟ್ಟಿಕೊಂಡು, ಬರೀ ಲಂಗೋಟಿಯಲ್ಲಿ ಜಿಗಿದು ಈಜು ಕಲಿತರು. ಅದೇ ಬಾವಿಯಿಂದ ನಾವು ನೀರು ಸೇದಿದೆವು. ಆಗ ನಾಲ್ಕು ಮಂದಿ ಎಲ್ಲಿದ್ದರು? 1959ರಲ್ಲಿ ಇಂಗ್ಲಿಷ್ ಕಾಲುವೆ ಈಜಿದ ಏಷ್ಯಾದ ಮೊದಲ ಮಹಿಳೆ ನಮ್ಮ ದೇಶದ ಆರತಿ ಸಾಹಾ, ಸೀರೆಯುಟ್ಟು ಈಜಲಿಲ್ಲ. ಬೆಂಗಳೂರಿನಿಂದ ನಿಶಾ ಮಿಲೆಟ್ 2000ದಲ್ಲಿ ಸಿಡ್ನಿ ಒಲಿಂಪಿಕ್ಸಿಗೆ, ಶಿಖಾ ಟಂಡನ್ 2004ರಲ್ಲಿ ಅಥೆನ್ಸಿಗೆ ಹೋದಾಗ ಇದೇ ಮಂದಿ ಚಪ್ಪಾಳೆ ತಟ್ಟಿದರು. ಟಿ.ವಿ.ಯಲ್ಲಿ ಕಂಡರೆ ಹೆಮ್ಮೆ, ಮನೆಯ ವೈನಿ ಹಾಕಿಕೊಂಡರೆ ನಾಚಿಕೆ!

ಇದು ನಮ್ಮೂರಿನದೊಂದೇ ರೋಗವೂ ಅಲ್ಲ. 2016ರಲ್ಲಿ ಫ್ರಾನ್ಸಿನ ಹಲವು ಊರುಗಳು ಮೈತುಂಬ ಮುಚ್ಚುವ ಬುರ್ಕಿನಿಯನ್ನು ಸಮುದ್ರ ತೀರದಲ್ಲಿ ನಿಷೇಧಿಸಿದವು; ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಅಂಥದ್ದೊಂದು ಆದೇಶವನ್ನು ಅದೇ ಆಗಸ್ಟಿನಲ್ಲಿ ತಡೆಹಿಡಿಯಿತು. ಅಲ್ಲಿ ಬಿಚ್ಚು ಅಂದರು, ಇಲ್ಲಿ ಮುಚ್ಚು ಅನ್ನುತ್ತಾರೆ. ಹಾಕಿಕೊಳ್ಳುವವಳನ್ನು ಕೇಳಿದವರು ಎರಡೂ ಕಡೆ ಇಲ್ಲ.

ಊರಿನ ತಂಗಿಯರೇ, ನಿಮ್ಮೂರಲ್ಲಿ ಕೊಳ ಇದ್ದರೆ ಹೋಗಿ ಕೇಳಿ: ಹೆಂಗಸರ ಬ್ಯಾಚು ಎಷ್ಟು ಹೊತ್ತಿಗೆ? ಅಡಿಗೆ, ಆಫೀಸು ಎರಡೂ ಇರುವವಳಿಗೆ ಅನುಕೂಲವಾಗುವ ಹೊತ್ತೇ? ಬಟ್ಟೆ ಬದಲಿಸುವ ಕೋಣೆಗೆ ಸರಿಯಾದ ಚಿಲಕ ಇದೆಯೇ, ಒಣಬಟ್ಟೆ ತೂಗುಹಾಕಲು ಗೋಡೆಗೊಂದು ಮೊಳೆ ಇದೆಯೇ? ಇಲ್ಲದಿದ್ದರೆ ಬಾಯಿಮಾತು ಬೇಡ, ಬರೆದು ಕೊಟ್ಟು ಸಹಿ ಹಾಕಿಸಿಕೊಂಡು ಬನ್ನಿ.