ಬಾಬೆಲ್ ಎಂದು ಬೆರಳು ತೋರಿಸುವ ಮೊದಲು



ನಮ್ಮ ಮೊಬೈಲುಗಳಿಗೆ ದಿನವೂ ಬಂದು ಬೀಳುವ ಪ್ರಸಂಗಗಳಲ್ಲಿ ಒಂದೇ ಮಾತು ತಿರುತಿರುಗಿ ಕೇಳುತ್ತಿದೆ. ಪುಣೆ, ಮುಂಬೈ, ಹೈದರಾಬಾದ್ ಎಲ್ಲವೂ ಬಾಬೆಲಂತೆ. ಪಕ್ಕದ ಮನೆಯವರು ಐಗುಪ್ತ್ಯರಂತೆ. ಭೂಕಂಪವಾದ ಊರು ಸೊದೋಮಂತೆ. ಇದನ್ನು ಕೇಳಿಯೂ ನಾವು ಸುಮ್ಮನಿದ್ದರೆ ಅದು ಒಪ್ಪಿಗೆಯಾಗುತ್ತದೆ. ಆದ್ದರಿಂದ ನೇರವಾಗಿ ಹೇಳುತ್ತೇವೆ: ಸತ್ಯವೇದವು ಈ ಹೆಸರುಗಳನ್ನು ನೆರೆಯವರ ಹಣೆಗೆ ಮುದ್ರೆ ಒತ್ತಲು ಕೊಟ್ಟಿಲ್ಲ. ಮನುಷ್ಯರನ್ನು ಹಿಂಡಿ ಬದುಕುವ ನಡತೆಗೆ ಅದು ಇಟ್ಟ ಹೆಸರುಗಳಿವು. ಆ ನಡತೆ ಎಲ್ಲಿದೆಯೋ ಅಲ್ಲಿ ಬಾಬೆಲ್ ಇದೆ, ನಮ್ಮ ಮನೆಯೊಳಗೇ ಇದ್ದರೂ ಸರಿ.

ಮೊದಲು ಐಗುಪ್ತವನ್ನು ನೋಡೋಣ. ವಿಮೋಚನಕಾಂಡ 5ನೇ ಅಧ್ಯಾಯದಲ್ಲಿ ಫರೋಹನು ಇಸ್ರಾಯೇಲ್ಯರಿಗೆ ಹುಲ್ಲು ಕೊಡುವುದನ್ನು ನಿಲ್ಲಿಸಿದನು. ಆದರೆ ಇಟ್ಟಿಗೆಯ ಲೆಕ್ಕದಲ್ಲಿ ಒಂದೂ ಕಡಿಮೆಯಾಗಬಾರದು ಎಂದನು. ದೇವರು ಕೇಳಿಸಿಕೊಂಡದ್ದು ಆ ಇಟ್ಟಿಗೆ ಕೆಲಸದವರ ಗೋಳನ್ನು. ಇದೇ ಐಗುಪ್ತ ಆಶ್ರಯದ ನಾಡೂ ಹೌದು. ಬರಗಾಲದಲ್ಲಿ ಯಾಕೋಬನ ಮನೆಯವರಿಗೆ ಅನ್ನ ಸಿಕ್ಕಿದ್ದು ಅಲ್ಲಿ. ಹೆರೋದನ ಕೈಗೆ ಸಿಗದಂತೆ ಕೂಸು ಯೇಸುವನ್ನು ಎತ್ತಿಕೊಂಡು ಹೋದದ್ದೂ ಅಲ್ಲಿಗೇ. ಯೆಶಾಯನ 19ನೇ ಅಧ್ಯಾಯದ ಕೊನೆಯನ್ನು ಓದಿ. ದೇವರು ಐಗುಪ್ತವನ್ನು ತನ್ನ ಪ್ರಜೆ ಎಂದೂ ಅಶ್ಶೂರವನ್ನು ತನ್ನ ಕೈಕೆಲಸವೆಂದೂ ಕರೆದು, ಇಸ್ರಾಯೇಲಿನ ಜೊತೆಯಲ್ಲೇ ಆಶೀರ್ವದಿಸುತ್ತಾನೆ. ಆ ವಿಡಿಯೋಗಳಲ್ಲಿ ಈ ವಚನ ಯಾಕೆ ಬರುವುದಿಲ್ಲ?

ಅಶ್ಶೂರದ ನಿನೆವೆಯ ಕಥೆ ಸಂಡೇ ಸ್ಕೂಲಿನ ಮಕ್ಕಳಿಗೂ ಗೊತ್ತು. ಊರ ಹೊರಗೆ ಗುಡಿಸಲು ಹಾಕಿಕೊಂಡು, ಆ ಪಟ್ಟಣ ಯಾವಾಗ ಹಾಳಾಗುತ್ತದೋ ಎಂದು ಕಾದು ಕೂತವನು ಪ್ರವಾದಿ ಯೋನನೇ. ದೇವರಾದರೋ ಅಲ್ಲಿನ ಲಕ್ಷಕ್ಕೂ ಹೆಚ್ಚು ಜನರಿಗಾಗಿ, ದನಕರುಗಳಿಗಾಗಿಯೂ ಮರುಗಿದನು.

ಯೋನನ ಆ ಗುಡಿಸಲಲ್ಲಿ ಕೂತು ಮಾತಾಡುವವರು ನಮ್ಮ ಕಡೆಯೂ ಇದ್ದಾರೆ. 1993ರ ಸೆಪ್ಟೆಂಬರ್ 30ರಂದು, ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ, ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದರು. ಲಾತೂರು ಮತ್ತು ಆಗಿನ ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಹತ್ತಿರ ಹತ್ತಿರ 10,000 ಜನ ಸತ್ತರು. ನಮ್ಮಲ್ಲಿ ಹೆಚ್ಚಿನವರು ಆಮೇಲೆ ಹುಟ್ಟಿದವರು, ಆದರೂ ಆ ರಾತ್ರಿಯ ಮಾತು ಕೇಳದೆ ಬೆಳೆದವರು ಯಾರೂ ಇಲ್ಲ. ಅದು ವಿಗ್ರಹಾರಾಧನೆಗೆ ಬಂದ ಶಿಕ್ಷೆ ಎನ್ನುವವರಿಗೆ ನಮ್ಮ ಉತ್ತರ ಲೂಕ 13ನೇ ಅಧ್ಯಾಯದಲ್ಲಿದೆ. ಸಿಲೊವಾಮಿನ ಬುರುಜು ಬಿದ್ದು ಸತ್ತ 18 ಜನ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿರಲಿಲ್ಲ ಎಂದು ಯೇಸು ಸ್ಪಷ್ಟವಾಗಿ ಹೇಳಿದನು, ನೀವೇ ತಿರುಗಿಕೊಳ್ಳಿ ಎಂದು ಕೇಳುವವರನ್ನು ಎಚ್ಚರಿಸಿದನು. ಕಿಲ್ಲಾರಿಯಲ್ಲಿ ಜನರ ಮೇಲೆ ಬಿದ್ದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ ಮತ್ತು ಮಾಳಿಗೆಯ ಭಾರ. ಅದರಡಿ ಸತ್ತವರ ಮೇಲೆ ಸೊದೋಮಿನ ಹೆಸರನ್ನೂ ಹೇರುವುದು ಸುವಾರ್ತೆಯಲ್ಲ.

ಇನ್ನು ಬಾಬೆಲ್. ಅದು ಒಳ್ಳೆಯ ರಾಜ್ಯವಾಗಿತ್ತೆಂದು ನಾವು ಹೇಳುತ್ತಿಲ್ಲ. ಅದರ ಸೈನ್ಯ ಯೆರೂಸಲೇಮಿನ ದೇವಾಲಯವನ್ನು ಸುಟ್ಟಿತು, ಜನರನ್ನು ಸೆರೆ ಒಯ್ದಿತು. ಆದರೂ ಸೆರೆ ಹೋದವರಿಗೆ ಯೆರೆಮೀಯನು ಬರೆದ ಪತ್ರ (29ನೇ ಅಧ್ಯಾಯ) ಏನು ಹೇಳುತ್ತದೆ? ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎನ್ನುತ್ತದೆ. ದಾನಿಯೇಲನು ಕಸ್ದೀಯರ ಅಕ್ಷರ, ಭಾಷೆ ಎಲ್ಲವನ್ನೂ ಕಲಿತನು, ಆದರೆ ದೇವರನ್ನು ಬಿಡಲಿಲ್ಲ. ಬಾಬೆಲಿನ ಕಾಲದಲ್ಲಿ ದೂರದೂರಕ್ಕೆ ಹಬ್ಬಿದ್ದ ಅರಾಮಿಕ್ ಭಾಷೆಯೇ ಮುಂದೆ ಯೇಸುವಿನ ಆಡುಮಾತಾಯಿತು. ಗಂಟೆಗೆ 60 ನಿಮಿಷ ಎಂಬ ಲೆಕ್ಕದ ಬೇರೂ ಆ ನಾಡಿನ ಗಣಿತದಲ್ಲೇ ಇದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಕೆಲಸಕ್ಕೆ ಹೋದಲ್ಲಿ ಹಿಂದಿ ಎಂದು ಬೆಳೆದ ಕಾಸಾರಶಿರಸಿಯ ನಾವು ದಾನಿಯೇಲನ ಪಾಡನ್ನು ಬಲ್ಲೆವು. ಮಕ್ಕಳನ್ನು ಪುಣೆಗೆ ಓದಲು ಕಳಿಸಿದ ತಂದೆತಾಯಿಗಳೇ, ಬಾಬೆಲಿಗೆ ಕಳಿಸಿದಿರಿ ಎಂದು ಯಾರಾದರೂ ಹೆದರಿಸಿದರೆ ಯೆರೆಮೀಯನ ಪತ್ರವನ್ನು ತೋರಿಸಿ.

ಹಾಗಾದರೆ ಪ್ರಕಟನೆಯ ಮಹಾ ಬಾಬೆಲ್ ಯಾವುದು? ಅದು ಏಳು ಬೆಟ್ಟಗಳ ಮೇಲೆ ಕೂತಿದೆ ಎಂದಾಗಲೇ ಮೊದಲ ಓದುಗರಿಗೆ ರೋಮ್ ಎಂದು ಗೊತ್ತಾಗಿತ್ತು. ಅಲ್ಲಿನ ವರ್ತಕರ ಸರಕಿನ ಪಟ್ಟಿ 18ನೇ ಅಧ್ಯಾಯದಲ್ಲಿದೆ: ಚಿನ್ನ, ಬೆಳ್ಳಿ, ಮುತ್ತು, ದಂತ, ಎಣ್ಣೆ, ಗೋದಿ, ದನ, ಕುರಿ, ಕುದುರೆ. ಪಟ್ಟಿಯ ಕೊನೆಗೆ ಮನುಷ್ಯರು. ಕುರಿ ಕುದುರೆಗಳಾದ ಮೇಲೆ ಮನುಷ್ಯರು!

ಈಗ ನಮ್ಮ ಮರಾಠವಾಡಕ್ಕೆ ಬನ್ನಿ. ದಸರೆ ಮುಗಿಯುತ್ತಲೇ ಇಲ್ಲಿನ ಬಡ ಕುಟುಂಬಗಳು ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೆ, ಕರ್ನಾಟಕಕ್ಕೆ ಹೊರಡುತ್ತವೆ. ಮುಕಾದಮ ಮುಂಗಡ ಕೊಟ್ಟು ಕಟ್ಟಿಹಾಕಿರುತ್ತಾನೆ. ಗಂಡ ಹೆಂಡತಿ ಸೇರಿ ಒಂದು 'ಕೊಯ್ತಾ' ಎಂದು ಲೆಕ್ಕ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಇಬ್ಬರು ಮನುಷ್ಯರನ್ನು ಒಂದು ಕತ್ತಿಯಾಗಿ ಎಣಿಸುವ ಈ ಲೆಕ್ಕದ ಬಗ್ಗೆ ಪ್ರಸಂಗ ಕೇಳಿದ್ದೀರಾ? ಪಕ್ಕದವರ ಹಬ್ಬದಲ್ಲಿ ಬಾಬೆಲನ್ನು ಕಾಣುವ ಕಣ್ಣಿಗೆ ಇದು ಯಾಕೆ ಕಾಣುವುದಿಲ್ಲ?

ವಿಗ್ರಹಾರಾಧನೆಯನ್ನು ಪ್ರವಾದಿಗಳು ಖಂಡಿಸಲಿಲ್ಲವೇ ಎಂದು ಕೆಲವರು ಕೇಳಬಹುದು. ಖಂಡಿಸಿದರು, ಮುಖ್ಯವಾಗಿ ಸ್ವಂತ ಜನರದ್ದನ್ನು. ಆಮೋಸನ ಮೊದಲೆರಡು ಅಧ್ಯಾಯ ಓದಿ. ದಮಸ್ಕ, ಗಾಜಾ, ತೂರ್, ಎದೋಮ್ ಎಂದು ಸುತ್ತಲಿನವರ ಅಪರಾಧಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಕೇಳುವವರು ತಲೆದೂಗುತ್ತಿರುವಾಗಲೇ ಬೆರಳು ಯೆಹೂದದ ಕಡೆಗೆ, ಕೊನೆಗೆ ಇಸ್ರಾಯೇಲಿನ ಕಡೆಗೆ ತಿರುಗುತ್ತದೆ. ಆರೋಪವೇನು? ಒಂದು ಜೋಡಿ ಕೆರಕ್ಕಾಗಿ ಬಡವನನ್ನು ಮಾರಿದಿರಿ ಎಂಬುದು. ಹೊಲದ ಕೂಲಿ ಹೆಣ್ಣುಮಗಳ ಜೊತೆ ಹತ್ತು ರೂಪಾಯಿಗೆ ಚೌಕಾಸಿ ಮಾಡುವ, ಮದುವೆಯಲ್ಲಿ ವರದಕ್ಷಿಣೆಯ ಪಟ್ಟಿ ಹಿಡಿದು ಕೂರುವ ವಿಶ್ವಾಸಿಗಳೂ ಆ ಬೆರಳಿಗೆ ಹೊರತಲ್ಲ.

ಯೌವನಸ್ಥರೇ, ನೆರೆಯವರನ್ನು ಬಾಬೆಲ್ ಎನ್ನುವ ವಿಡಿಯೋ ಬಂದರೆ ಮುಂದಕ್ಕೆ ಕಳಿಸಬೇಡಿ. ಬೋಧಕರು ಒಂದು ವಚನ ಎತ್ತಿ ಹೇಳಿದರೆ ಇಡೀ ಅಧ್ಯಾಯವನ್ನು ಓದೋಣ ಎಂದು ಗೌರವದಿಂದ ಕೇಳಿ. ಮುಂದಿನ ಕಬ್ಬಿನ ಹಂಗಾಮಿಗೆ ಮೊದಲು, ನಮ್ಮ ಸುತ್ತಲಿನ ಯಾವ ಮನೆಗಳು ಹೊರಡುತ್ತವೆ, ಆ ಮಕ್ಕಳ ಶಾಲೆ ಏನಾಗುತ್ತದೆ, ಉಳಿದ ಮುದುಕರಿಗೆ ಯಾರು ದಿಕ್ಕು ಎಂದು ವಿಚಾರಿಸಿ ಪಟ್ಟಿ ಮಾಡೋಣ. ಬಾಬೆಲಿನ ಪಟ್ಟಿಯಲ್ಲಿ ಮನುಷ್ಯರು ಕೊನೆಗಿದ್ದರು. ನಮ್ಮ ಪಟ್ಟಿಯಲ್ಲಿ ಅವರು ಹೆಸರು ಸಮೇತ ಮೊದಲಿಗೆ ಇರಲಿ.

ಕರ್ತನ ಸಮಾಧಾನ ನಿಮ್ಮೆಲ್ಲರ ಸಂಗಡ ಇರಲಿ.