ಬೇಗ ಒಡೆದರೂ ಕಷ್ಟ, ಒಡೆಯದಿದ್ದರೂ ಕಷ್ಟ

ಮುಂಬೈಗೆ ಬಂದ ಹೊಸದರಲ್ಲಿ ನನಗೆ ಸಿಕ್ಕ ಕೆಲಸ ತೈಲಬಾವಿಗೆ ಆಮ್ಲ ಪಂಪ್ ಮಾಡುವ ಲೆಕ್ಕದ ಸಾಫ್ಟ್‌ವೇರ್ ಬರೆಯುವುದು. ಆಮ್ಲದ ಸ್ನಿಗ್ಧತೆಗೆ, ಅಂದರೆ ಅದು ಎಷ್ಟು ಮಂದ ಎಂಬುದಕ್ಕೆ, ಕೋಡ್‌ನಲ್ಲಿ ಒಂದೇ ಸಂಖ್ಯೆ ಕೊಟ್ಟಿದ್ದೆ. ಅದನ್ನು ನೋಡಿದ ಪ್ರಯೋಗಾಲಯದ ಹಿರಿಯರೊಬ್ಬರು ಇದು ನೀರಲ್ಲ ಎಂದು ನಕ್ಕರು. ಆ ನಗು ನನಗೆ ಒಳ್ಳೆಯ ಪಾಠವಾಯಿತು.

ಮುಂಬೈ ಕರಾವಳಿಯಿಂದ ಸುಮಾರು 160 ಕಿ.ಮೀ. ದೂರದ ಸಮುದ್ರದಲ್ಲಿ, 1974ರಲ್ಲಿ ಪತ್ತೆಯಾದ ಮುಂಬೈ ಹೈ ಕ್ಷೇತ್ರದ ಎಣ್ಣೆ ಬಹುಪಾಲು ಸುಣ್ಣದಕಲ್ಲಿನ ಪದರಗಳಲ್ಲಿದೆ. ಇಂಥ ಕಲ್ಲಿನ ರಂಧ್ರಗಳು ಕಟ್ಟಿಕೊಂಡಾಗ ಹೈಡ್ರೋಕ್ಲೋರಿಕ್ ಆಮ್ಲ ಇಳಿಸಿ ದಾರಿ ಬಿಡಿಸುವುದು ತೈಲೋದ್ಯಮದ ಹಳೆಯ ರೂಢಿ. ತೊಂದರೆ ಇರುವುದು ಆಮ್ಲದ ಆತುರದಲ್ಲಿ. ಬಿಸಿ ಕಲ್ಲಿಗೆ ತಗುಲಿದ ಕೂಡಲೇ ಬಾವಿಯ ಗೋಡೆಯ ಬಳಿಯೇ ಖರ್ಚಾಗಿಬಿಡುತ್ತದೆ, ಒಳಗೆ ಹೋಗುವುದಿಲ್ಲ.

ಅದಕ್ಕೇ ಆಮ್ಲವನ್ನು ಹನಿಹನಿಯಾಗಿ ಡೀಸೆಲ್‌ನಲ್ಲಿ ಅಡಗಿಸುತ್ತಾರೆ. ಸಾಮಾನ್ಯ ಅಳತೆ 70 ಪಾಲು ಆಮ್ಲ, 30 ಪಾಲು ಡೀಸೆಲ್, ಎರಡನ್ನೂ ಹಿಡಿದಿಡಲು ಸ್ವಲ್ಪ ಎಮಲ್ಸಿಫೈಯರ್. ಹಾಲೆಂದರೆ ನೀರಿನೊಳಗೆ ಕೊಬ್ಬಿನ ಹನಿ; ಬೆಣ್ಣೆಯೆಂದರೆ ಕೊಬ್ಬಿನೊಳಗೆ ನೀರಿನ ಹನಿ. ಈ ಆಮ್ಲ ಬೆಣ್ಣೆಯ ಜಾತಿಯದು. ಸುತ್ತಲಿನ ಡೀಸೆಲ್ ತಡೆಯುವುದರಿಂದ ಆಮ್ಲ ನಿಧಾನವಾಗಿ ಕಲ್ಲನ್ನು ಮುಟ್ಟುತ್ತದೆ, ಹುಳು ಕೊರೆದಂಥ ಕಾಲುವೆಗಳನ್ನು ಆಳದವರೆಗೆ ಮಾಡುತ್ತದೆ.

ಇದರ ಹರಿವು ನೀರಿನಂತಲ್ಲ. ಕೊಳವೆಯಲ್ಲಿ ವೇಗವಾಗಿ ನುಗ್ಗುವಾಗ ತೆಳ್ಳಗಾಗುತ್ತದೆ, ಕಲ್ಲಿನೊಳಗೆ ವೇಗ ತಗ್ಗಿದಾಗ ಮಂದವಾಗುತ್ತದೆ. ಹನಿ ಸಣ್ಣದಾದಷ್ಟೂ ಬಾಳಿಕೆ ಹೆಚ್ಚು, ಮಂದತನವೂ ಹೆಚ್ಚು. ಅತಿ ಮಂದವಾದರೆ ಕೊಳವೆಯಲ್ಲಿ ಘರ್ಷಣೆ ಏರಿ ಪಂಪಿನ ವೇಗ ಇಳಿಸಬೇಕಾಗುತ್ತದೆ. ನನ್ನ ಒಂದೇ ಸಂಖ್ಯೆ ಇದನ್ನೆಲ್ಲ ಮುಚ್ಚಿಟ್ಟಿತ್ತು.

ಸ್ಥಿರತೆಯ ಲೆಕ್ಕ ಇನ್ನೂ ಸೂಕ್ಷ್ಮ. ಕಾಯಿಸಿದರೆ ಬೆಣ್ಣೆ ಒಡೆದು ತುಪ್ಪವಾಗುವಂತೆ, ಭೂಮಿಯೊಳಗಿನ ಶಾಖಕ್ಕೆ ಎಮಲ್ಷನ್ ಕೂಡ ಒಡೆಯುತ್ತದೆ. ಕೊಳವೆಯಲ್ಲೇ ಒಡೆದರೆ ಆಮ್ಲ ಉಕ್ಕನ್ನು ತಿನ್ನುತ್ತದೆ. ಕೆಲಸ ಮುಗಿದ ಮೇಲೂ ಒಡೆಯದಿದ್ದರೆ, ಬಿಡಿಸಲು ಬಂದ ರಂಧ್ರವನ್ನು ಅದೇ ಮುಚ್ಚುತ್ತದೆ. ಹೀಗಾಗಿ ಒಳ್ಳೆಯ ಎಮಲ್ಷನ್ ಎಂದರೆ ಎಂದೂ ಒಡೆಯದ್ದಲ್ಲ, ಸರಿಯಾದ ಜಾಗದಲ್ಲಿ ಸರಿಯಾದ ಹೊತ್ತಿಗೆ ಒಡೆಯುವಂಥದ್ದು.

ಆದರೆ ನನ್ನ ಕೈಗೆ ಬಂದ ಹಲವು ವರದಿಗಳಲ್ಲಿ ಇದ್ದದ್ದು ‘ಸ್ಥಿರವಾಗಿದೆ’ ಎಂಬ ಒಂದೇ ಪದ. ಯಾವ ಉಷ್ಣತೆಯಲ್ಲಿ? ಎಷ್ಟು ಗಂಟೆ? ಹನಿಯ ಗಾತ್ರವೆಷ್ಟು? ಆಮ್ಲ ಖರ್ಚಾದ ಮೇಲೆ ಏನಾಯಿತು? ಕೋಣೆಯ ಉಷ್ಣತೆಯಲ್ಲಿ ಗಾಜಿನ ಜಾಡಿಯಲ್ಲಿ ನಿಂತದ್ದು ಬಾವಿಯ ತಳದಲ್ಲೂ ನಿಲ್ಲುತ್ತದೆಂದು ನಂಬಲಾಗದು. ಬಾವಿಯ ಶಾಖದಲ್ಲೇ ಪರೀಕ್ಷೆ ಆಗಬೇಕು, ಈ ವಿವರಗಳು ಪ್ರತಿ ವರದಿಯಲ್ಲೂ ಕಡ್ಡಾಯವಾಗಬೇಕು.

ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇ 85ಕ್ಕೂ ಹೆಚ್ಚು ಆಮದಾಗುತ್ತಿದೆ. ಹಳೆಯ ಬಾವಿಯೊಂದು ಚೇತರಿಸಿಕೊಂಡರೆ ಅಷ್ಟು ಹೊರೆ ಇಳಿದಂತೆ. ಮುಂಬೈ, ಪುಣೆ, ಹೈದರಾಬಾದಿನಲ್ಲಿ ಕೂತು ನಾವು ಕಾಣದ ಯಂತ್ರಗಳಿಗೆ ಕೋಡ್ ಬರೆಯುವ ನಮಗೂ ಇದರಲ್ಲಿ ಪಾಲಿದೆ. ಕೊಟ್ಟ ಸಂಖ್ಯೆಯನ್ನು ಟೈಪ್ ಮಾಡುವ ಮೊದಲು, ಅದನ್ನು ಯಾವ ಸ್ಥಿತಿಯಲ್ಲಿ ಅಳೆದಿದ್ದಾರೆಂದು ಕೇಳೋಣ. ಕೇಳಿದರೆ ನಗುವವರು ಇರಬಹುದು. ಕೇಳದಿದ್ದರೆ ಅದರ ಬೆಲೆ ತೆರುವವರು ಸಮುದ್ರದ ಮಧ್ಯೆ ಪಂಪಿನ ಪಕ್ಕ ನಿಂತ ಕೆಲಸಗಾರರು.